ಲೆಕ್ಕಕ್ಕೆ ಬಾರದ ಕಂಚು

ಪೋಷಕರ ಸಭೆ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ ಒಬ್ಬ ತಾಯಿ ಬಾಗಿಲಲ್ಲೇ ನಿಂತರು. 'ಸಾರ್, ನಮ್ಮ ಹುಡುಗ ಮೊಬೈಲಿನಲ್ಲಿ ಆಡ್ತಾ ಕೂರ್ತಾನೆ. ಬೈದರೆ, ಇದಕ್ಕೂ ಏಷ್ಯನ್ ಗೇಮ್ಸಿನಲ್ಲಿ ಪದಕ ಕೊಡ್ತಾರಮ್ಮ ಅಂತಾನೆ. ನಿಜವಾ? ಇಲ್ಲ ನನಗೆ ಟೋಪಿ ಹಾಕ್ತಿದಾನಾ?' ಎಂದು ಕೇಳಿದರು. ಒಂಬತ್ತನೆಯ ತರಗತಿಯ ಅವರ ಮಗ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

'ನಿಜ ತಾಯಿ' ಎಂದೆ. ಹುಡುಗನ ಮುಖ ಅರಳಿತು. 'ಆದರೆ ಅವನು ಹೇಳಿರುವುದು ಅರ್ಧ ಕಥೆ' ಎಂದೆ. ಅರಳಿದ ಮುಖ ಸ್ವಲ್ಪ ಬಾಡಿತು. ಅವರ ಬಸ್ಸಿಗೆ ಹೊತ್ತಾಗಿತ್ತು. ಉಳಿದರ್ಧ ಹೇಳಲು ಆಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಆರಂಭವಾಗುವುದು ಇಂಡೊನೇಷ್ಯಾದ ಜಕಾರ್ತಾದಲ್ಲಿ. 2018ರ ಆಗಸ್ಟ್ ತಿಂಗಳ ಕೊನೆಯ ವಾರ. ಹದಿನೆಂಟನೆಯ ಏಷ್ಯನ್ ಕ್ರೀಡಾಕೂಟ ನಡೆಯುತ್ತಿದೆ. ದೊಡ್ಡ ಕ್ರೀಡಾಂಗಣದಲ್ಲಿ ಓಟಗಾರರು ಓಡುತ್ತಿದ್ದಾರೆ. ನಗರದ ಇನ್ನೊಂದು ಭಾಗದ ಕೆಲಪಾ ಗಾಡಿಂಗ್ ಬಡಾವಣೆಯಲ್ಲಿ ಬ್ರಿಟಾಮಾ ಎಂಬ ಒಳಾಂಗಣವಿದೆ. ಅಲ್ಲಿ ಆಯಾ ದೇಶದ ಸಮವಸ್ತ್ರ ತೊಟ್ಟ ಯುವಕರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಾರೆ. ಮುಂದೆ ಕಂಪ್ಯೂಟರ್, ಇಲ್ಲವೇ ಕೈಯಲ್ಲಿ ಮೊಬೈಲ್. ಪ್ರೇಕ್ಷಕರು ದೊಡ್ಡ ಪರದೆಯಲ್ಲಿ ಆಟ ನೋಡುತ್ತ ಕೂಗುತ್ತಿದ್ದಾರೆ. ಆಗಸ್ಟ್ 26ರಿಂದ ಸೆಪ್ಟೆಂಬರ್ 1ರವರೆಗೆ ಆರು ವಿಡಿಯೊ ಆಟಗಳ ಸ್ಪರ್ಧೆ ಅಲ್ಲಿ ನಡೆಯಿತು. ಈಗ ಇದಕ್ಕೆ ಇ–ಸ್ಪೋರ್ಟ್ಸ್ ಎಂಬ ಹೆಸರು. ನಾವು ಇ–ಕ್ರೀಡೆ ಎನ್ನೋಣ.

ಆ ಆರರಲ್ಲಿ ಒಂದು ಹಾರ್ತ್‌ಸ್ಟೋನ್ ಎಂಬ ಆಟ. ಗುಜರಾತಿನ ಭುಜ್ ಊರಿನ ತೀರ್ಥ್ ಮೆಹತಾ ಎಂಬ ಯುವಕ ಅದರಲ್ಲಿ ಮೂರನೆಯವನಾಗಿ ಭಾರತಕ್ಕೆ ಕಂಚು ಗೆದ್ದ. ಭುಜ್ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು 2001ರ ಭೂಕಂಪ. ಅಂಥ ಊರಿನ ಹುಡುಗನೊಬ್ಬ ಇ–ಕ್ರೀಡೆಯಲ್ಲಿ ದೇಶದ ಹೆಸರಿನಲ್ಲಿ ಪದಕ ತಂದ.

ಆದರೆ ಆ ಕೂಟದ ಪದಕ ಪಟ್ಟಿಯನ್ನು ಎಷ್ಟು ಹುಡುಕಿದರೂ ಈ ಕಂಚು ಸಿಗುವುದಿಲ್ಲ. ಏಕೆಂದರೆ ಇ–ಕ್ರೀಡೆ ಆ ಸಲ 'ಪ್ರದರ್ಶನ ಕ್ರೀಡೆ' ಆಗಿತ್ತು. ಸ್ಪರ್ಧೆ ನಿಜ, ಗೆಲುವು ನಿಜ, ಕೊರಳಿಗೆ ಹಾಕಿದ ಪದಕವೂ ನಿಜ. ದೇಶದ ಖಾತೆಗೆ ಮಾತ್ರ ಜಮೆಯಿಲ್ಲ.

ಕಬಡ್ಡಿಯೂ ಹೀಗೆಯೇ ಬಂದದ್ದು

'ಲೆಕ್ಕಕ್ಕಿಲ್ಲ ಅಂದಮೇಲೆ ಯಾಕೆ ಆಡಿಸಬೇಕು?' ಎಂದು ಕೇಳುವವರಿಗೆ ನಮ್ಮ ಮಣ್ಣಿನ ಉದಾಹರಣೆಯೇ ಇದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ಕಬಡ್ಡಿ ಪ್ರದರ್ಶನ ಕ್ರೀಡೆಯಾಗಿತ್ತು. ಆ ವರ್ಷ ಅನೇಕರ ಮನೆಗೆ ಮೊದಲ ಸಲ ಟಿ.ವಿ. ಬಂದಿತ್ತು, ಅಪ್ಪು ಆನೆಯನ್ನು ನೆನೆಯುವವರು ಇನ್ನೂ ಇದ್ದಾರೆ. ಆದರೆ ಅಲ್ಲಿ ಕಬಡ್ಡಿಯನ್ನು ನೋಡಿದ ನೆನಪು ಎಷ್ಟು ಜನಕ್ಕಿದೆಯೋ. ಎಂಟು ವರ್ಷದ ನಂತರ, 1990ರ ಬೀಜಿಂಗ್ ಕೂಟದಲ್ಲಿ, ಕಬಡ್ಡಿಗೆ ಪದಕದ ಮಾನ್ಯತೆ ದೊರೆಯಿತು. ಅಂದಿನಿಂದ 2014ರವರೆಗೆ ಸತತ ಏಳು ಕೂಟಗಳಲ್ಲಿ ಪುರುಷರ ಚಿನ್ನ ನಮ್ಮದೇ.

ಪ್ರದರ್ಶನ ಪಂದ್ಯದ ಫಲ ಅದನ್ನು ಏರ್ಪಡಿಸಿದವರಿಗೇ ದಕ್ಕುತ್ತದೆಂಬ ನಿಯಮವೇನೂ ಇಲ್ಲ. ನಮ್ಮಿಂದಲೇ ಹೊರಗೆ ಹೋದ ಆಟವನ್ನು ಇರಾನಿನವರು ಶ್ರದ್ಧೆಯಿಂದ ಕಲಿತರು. 2018ರಲ್ಲಿ, ಅದೇ ಜಕಾರ್ತಾದಲ್ಲಿ, ಸೆಮಿಫೈನಲಿನಲ್ಲಿ ನಮ್ಮ ಪುರುಷರ ತಂಡವನ್ನು 27–18ರಿಂದ ಸೋಲಿಸಿದರು. ಮರುದಿನ ಅವರ ಮಹಿಳೆಯರು ಫೈನಲಿನಲ್ಲಿ ನಮ್ಮವರನ್ನು 27–24ರಿಂದ ಮಣಿಸಿದರು. ಆ ಇರಾನಿ ಮಹಿಳೆಯರಿಗೆ ಕಲಿಸಿದ ಗುರು ಮಹಾರಾಷ್ಟ್ರದ ಶೈಲಜಾ ಜೈನ್ ಎಂಬುದು ಇನ್ನೊಂದು ಸ್ವಾರಸ್ಯ. ಕಬಡ್ಡಿಯ ಚಿನ್ನ ಕಳೆದುಕೊಂಡ ಕೂಟದಲ್ಲೇ ನಾವು ಲೆಕ್ಕಕ್ಕೆ ಬಾರದ ಕಂಚೊಂದನ್ನು ಗೆದ್ದೆವು. ಅಂದು ಪತ್ರಿಕೆಗಳಲ್ಲಿ ಮೊದಲನೆಯದಕ್ಕೆ ಸಿಕ್ಕ ಜಾಗದಲ್ಲಿ ಹತ್ತರಲ್ಲಿ ಒಂದು ಪಾಲೂ ಎರಡನೆಯದಕ್ಕೆ ಸಿಗಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಇಸ್ಪೀಟಿಗೆ ಪದಕವೇ?

ಹಾರ್ತ್‌ಸ್ಟೋನ್ ಮೂಲತಃ ಎಲೆಯಾಟ. ಹೀಗೆಂದ ಕೂಡಲೇ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಇಸ್ಪೀಟು ನಮ್ಮಲ್ಲಿ ಅನೇಕ ಮನೆ ಕೆಡಿಸಿದೆ, ಅವರನ್ನು ದೂರಲಾಗದು. ಆದರೆ ಇಲ್ಲಿ ಗಣಿತದ ಮೇಷ್ಟರಿಗೆ ಖುಷಿ ಕೊಡುವಷ್ಟು ಸರಕಿದೆ.

ಆಟಗಾರ ನೂರಾರು ಎಲೆಗಳ ಪೈಕಿ 30ನ್ನು ಆರಿಸಿ ತನ್ನ ಕಟ್ಟು ಕಟ್ಟಿಕೊಳ್ಳಬೇಕು. ಒಂದೇ ಬಗೆಯ ಎಲೆಯನ್ನು ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ. ಮೊದಲು ಆಡುವವನ ಕೈಗೆ ಆರಂಭದಲ್ಲಿ 3 ಎಲೆ ಬರುತ್ತವೆ. ಈಗ ಒಂದು ಲೆಕ್ಕ: ಎರಡು ಪ್ರತಿ ಇಟ್ಟುಕೊಂಡ ಒಂದು ಮುಖ್ಯ ಎಲೆ ಆ ಮೂರರಲ್ಲಿ ಒಂದಾದರೂ ಬರುವ ಸಂಭವ ಎಷ್ಟು? ಬಾರದಿರುವ ಸಂಭವವನ್ನು ಮೊದಲು ಹಿಡಿಯಿರಿ. ಅದು 28/30 × 27/29 × 26/28, ಅಂದರೆ ಶೇ. 81ರ ಹತ್ತಿರ. ಹಾಗಾದರೆ ಬರುವ ಸಂಭವ ಶೇ. 19. ಬೇಡದ ಎಲೆಗಳನ್ನು ಒಂದೇ ಒಂದು ಸಲ ವಾಪಸು ಕೊಟ್ಟು ಬೇರೆ ತೆಗೆದುಕೊಳ್ಳುವ ಅವಕಾಶವಿದೆ. ಮೂರನ್ನೂ ಹಿಂದಿರುಗಿಸಿದರೆ ಒಟ್ಟು ಸಂಭವ ಶೇ. 37ಕ್ಕೆ ಹತ್ತಿರವಾಗುತ್ತದೆ. ಆದರೆ ಹಿಂದಿರುಗಿಸಿದ್ದರಲ್ಲಿ ಒಂದು ಒಳ್ಳೆಯ ಎಲೆಯೂ ಇದ್ದರೆ? ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ? ಎದುರಾಳಿಯ ಕಟ್ಟಿನಲ್ಲಿ ಏನಿರಬಹುದು? ಇದೆಲ್ಲವನ್ನೂ ಒಂದು ಸರದಿಗೆ 75 ಸೆಕೆಂಡಿನೊಳಗೆ ತೀರ್ಮಾನಿಸಬೇಕು. ಅದೃಷ್ಟ ಇಲ್ಲವೆಂದಲ್ಲ, ಖಂಡಿತ ಇದೆ. ಒಂದು ಆಟವನ್ನು ಅದೃಷ್ಟ ಗೆಲ್ಲಿಸೀತು. ಆದ್ದರಿಂದಲೇ ಹಲವು ಆಟಗಳ ಸರಣಿಯಲ್ಲಿ ಗೆಲುವನ್ನು ನಿರ್ಧರಿಸುತ್ತಾರೆ. ನಾಣ್ಯವನ್ನು ಹೆಚ್ಚು ಸಲ ಚಿಮ್ಮಿಸಿದಷ್ಟೂ ಆಕಸ್ಮಿಕದ ಪಾಲು ಇಳಿಯುತ್ತದೆಯಲ್ಲ, ಹಾಗೆ.

ಉಳಿದ ಆಟಗಳ ಜಾತಿ ಬೇರೆ. ಸ್ಟಾರ್‌ಕ್ರಾಫ್ಟ್ 2 ಎಂಬುದು ಸೈನ್ಯ ಕಟ್ಟಿ ಸೆಣಸುವ ಆಟ. ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಚೋ ಸಾಂಗ್–ಜು. ಆ ಮಟ್ಟದ ಆಟಗಾರರು ನಿಮಿಷಕ್ಕೆ 300ಕ್ಕೂ ಮಿಕ್ಕಿ ಕೀಲಿ ಮತ್ತು ಮೌಸ್ ಒತ್ತುತ್ತಾರೆ. ಸೆಕೆಂಡಿಗೆ ಐದು! ಅದರ ಜೊತೆಗೆ ಎದುರಾಳಿ ಏನು ಮಾಡುತ್ತಿದ್ದಾನೆಂದೂ ಊಹಿಸುತ್ತಿರಬೇಕು.

ಅಡಿಪಟ್ಟಿಯ ಪಾಠ

'ಸಾರ್, ಪಿಂಗ್ ಜಾಸ್ತಿ ಇತ್ತು, ಅದಕ್ಕೇ ಸೋತೆ.' ಇದು ನಮ್ಮ ಹುಡುಗರ ಬಾಯಲ್ಲಿ ನಿತ್ಯ ಕೇಳುವ ಮಾತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಎಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕೇ.

ಮೊದಲು ಒಂದು ಪ್ರಯೋಗ. ಮನೆಯಲ್ಲೇ ಮಾಡಬಹುದು, ಬೇಕಾದ್ದು 30 ಸೆಂ.ಮೀ. ಅಡಿಪಟ್ಟಿ ಮಾತ್ರ. ಅಮ್ಮ ಅದರ ಮೇಲ್ತುದಿಯನ್ನು ಹಿಡಿದು ನೇರವಾಗಿ ತೂಗಿಬಿಡಲಿ. ಮಗ ಕೆಳತುದಿಯ ಸೊನ್ನೆಯ ಗುರುತಿನ ಹತ್ತಿರ ಹೆಬ್ಬೆರಳು ತೋರುಬೆರಳನ್ನು ತೆರೆದಿಟ್ಟುಕೊಂಡು ಕಾಯಲಿ. ಅಮ್ಮ ಹೇಳದೆ ಕೇಳದೆ ಪಟ್ಟಿಯನ್ನು ಬಿಡಬೇಕು, ಮಗ ಹಿಡಿಯಬೇಕು. ಎಷ್ಟು ಸೆಂ.ಮೀ. ಜಾರಿದ ಮೇಲೆ ಹಿಡಿದನೋ ನೋಡಿ. ಬೀಳುವ ವಸ್ತುವಿಗೆ ದೂರ ಎಂದರೆ ಗುರುತ್ವದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದ್ದು. ಒಂಬತ್ತನೆಯ ತರಗತಿಯ ಸೂತ್ರ. 10 ಸೆಂ.ಮೀ. ಜಾರಿದರೆ 0.14 ಸೆಕೆಂಡು, 15ಕ್ಕೆ 0.175, 20ಕ್ಕೆ 0.20, 25ಕ್ಕೆ 0.226. ಹೆಚ್ಚಿನವರು 15ರಿಂದ 25ರೊಳಗೆ ಹಿಡಿಯುತ್ತಾರೆ. ಅಂದರೆ ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಅಲ್ಲಿಂದ ಬೆರಳಿಗೆ ಆಜ್ಞೆ ಬರಲು ಸುಮಾರು 200 ಮಿಲಿಸೆಕೆಂಡು ಬೇಕು. ಅಂದಹಾಗೆ ತಾಯಂದಿರು ಮಕ್ಕಳನ್ನು ಸೋಲಿಸುವುದೂ ಉಂಟು. ಒಮ್ಮೆ ನೋಡಿ.

ಈಗ ಪಿಂಗ್ ವಿಚಾರ. ಆಟದ ಸರ್ವರ್ ಎಂಬ ಗಣಕ ಇನ್ನೆಲ್ಲೋ ಇರುತ್ತದೆ. ನಾವು ಬೆರಳೊತ್ತಿದ ಸುದ್ದಿ ಅಲ್ಲಿಗೆ ಹೋಗಿ ಉತ್ತರ ಬರುವ ಹೊತ್ತೇ ಪಿಂಗ್. ಸುದ್ದಿ ಸಾಗುವುದು ಗಾಜಿನ ಎಳೆಯೊಳಗಿನ ಬೆಳಕಾಗಿ. ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೋದರೂ ಗಾಜಿನಲ್ಲಿ ಅದರ ವೇಗ ಸುಮಾರು 2 ಲಕ್ಷ ಮಾತ್ರ. ಬೆಂಗಳೂರಿನಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,200 ಕಿ.ಮೀ. ಹೋಗಲು 16 ಮಿಲಿಸೆಕೆಂಡು, ಬರಲು 16, ಒಟ್ಟು 32. ಇದಕ್ಕಿಂತ ಕಡಿಮೆ ಮಾಡಲು ಯಾವ ಕಂಪನಿಗೂ ಸಾಧ್ಯವಿಲ್ಲ, ನಿಸರ್ಗವೇ ಹಾಕಿದ ಗೆರೆ ಅದು. ಕೇಬಲ್ಲುಗಳೇನು ನೇರವಾಗಿ ಹೋಗುವುದಿಲ್ಲ, ನಡುವೆ ಹತ್ತಾರು ಕಡೆ ನಿಂತು ದಾರಿ ಕೇಳಬೇಕು, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಹೆಚ್ಚೇ. ಅದೇ ಸರ್ವರ್ ಮುಂಬಯಿಯಲ್ಲಿದ್ದರೆ ದೂರ ಸುಮಾರು 840 ಕಿ.ಮೀ.; ಹೋಗಿಬರಲು ಎಂಟೂವರೆ ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಎರಡೂ ಕಡೆಯ ಆಟಗಾರರ ಬೆರಳು 200 ಮಿಲಿಸೆಕೆಂಡಿನಲ್ಲೇ ಎಚ್ಚರಗೊಂಡರೂ ಒಬ್ಬನಿಗೆ ದಾರಿಯಲ್ಲೇ 100 ಹೆಚ್ಚು ಹಿಡಿದರೆ ಅವನು ಓಟ ಆರಂಭವಾಗುವ ಮೊದಲೇ ಹಿಂದೆ ಬಿದ್ದ ಹಾಗೆ.

ಅಂತರರಾಷ್ಟ್ರೀಯ ಪಂದ್ಯಕ್ಕೆ ಎಲ್ಲ ದೇಶದವರನ್ನೂ ವಿಮಾನ ಹತ್ತಿಸಿ ಒಂದೇ ಸಭಾಂಗಣಕ್ಕೆ ಕರೆತರುವುದರ ಹಿಂದೆ ಈ ಕಾರಣವೂ ಇದೆ. ಮನೆಯಲ್ಲೇ ಕೂತು ಆಡಬಹುದಾದ ಆಟಕ್ಕೆ ಜಕಾರ್ತಾದವರೆಗೆ ಏಕೆ ಹೋಗಬೇಕೆಂದು ಕೇಳುವವರಿಗೆ ಇದೇ ಉತ್ತರ. ಒಂದೇ ಸೂರಿನಡಿ ಎಲ್ಲರ ದಾರಿಯೂ ಒಂದೇ ಉದ್ದ. ಜೊತೆಗೆ ಬೆನ್ನ ಹಿಂದೆ ತೀರ್ಪುಗಾರ ನಿಂತಿರುತ್ತಾನೆ. ಪಕ್ಕದ ಮನೆಯ ಅಣ್ಣನ ಕೈಗೆ ಕೊಟ್ಟು ಆಡಿಸುವಂತಿಲ್ಲ.

ಜಕಾರ್ತಾದ ನಂತರ

ಇಂಥ ಪಂದ್ಯದಿಂದ ಆ ಊರಿನ ಆಟ ಬೆಳೆಯುತ್ತದೆಯೇ? ಇಂಡೊನೇಷ್ಯಾವನ್ನೇ ನೋಡೋಣ. ಅಲ್ಲಿ ಮೊದಲಿನಿಂದಲೂ 'ವಾರ್ನೆಟ್' ಎಂಬ ಅಂಗಡಿಗಳಿವೆ. ಗೂಡಂಗಡಿ, ಇಂಟರ್ನೆಟ್ ಎರಡೂ ಸೇರಿದ ಪದ ಅದು. ನಮ್ಮ ಸೈಬರ್ ಕೆಫೆಗಳ ಹಾಗೆ. ಮಕ್ಕಳು ಅಲ್ಲಿ ಗಂಟೆ ಲೆಕ್ಕದಲ್ಲಿ ಆಡುತ್ತಿದ್ದರು. ತಾಯಂದಿರು ಅಲ್ಲೂ ಬೈಯುತ್ತಿದ್ದಿರಬೇಕು. ಅಂಥ ನಾಡಿನಲ್ಲಿ ಪ್ರದರ್ಶನ ಸ್ಪರ್ಧೆಯ ಕ್ಲ್ಯಾಶ್ ರಾಯಲ್ ಆಟದ ಚಿನ್ನವನ್ನು ಆತಿಥೇಯರ ರಿಡೆಲ್ ಯೆಸಾಯಾ ಸುಮಾರಂಡಾಕ್ ಎಂಬ ಹದಿಹರೆಯದ ಹುಡುಗ ಫೈನಲಿನಲ್ಲಿ ಚೀನಾದ ಆಟಗಾರನನ್ನು ಸೋಲಿಸಿ ಗೆದ್ದುಬಿಟ್ಟ. ಹಾರ್ತ್‌ಸ್ಟೋನಿನ ಬೆಳ್ಳಿಯೂ ಅವರಿಗೇ ಬಂತು. ತವರಿನ ಪ್ರೇಕ್ಷಕರೆದುರು ರಾಷ್ಟ್ರಗೀತೆ ನುಡಿಯಿತು. ಪಟ್ಟಿಯಲ್ಲಿ ಸೇರದಿದ್ದರೇನು, ಟಿ.ವಿ.ಯಲ್ಲಿ ಕಂಡಿತಲ್ಲ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. 2019ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಅಧ್ಯಕ್ಷರ ಹೆಸರಿನ ಕಪ್‌ಗಾಗಿ ಇ–ಕ್ರೀಡಾ ಪಂದ್ಯಗಳ ಅಂತಿಮ ಹಂತ ಇಸ್ತೋರಾ ಸೆನಾಯಾನಿನಲ್ಲಿ ನಡೆಯಿತು. ಇಸ್ತೋರಾ ಎಂದರೆ ಇಂಡೊನೇಷ್ಯಾದ ಬ್ಯಾಡ್ಮಿಂಟನ್ ಅಭಿಮಾನಿಗಳಿಗೆ ದೇವಸ್ಥಾನವಿದ್ದಂತೆ. ಅಲ್ಲಿ ಮೊಬೈಲ್ ಆಟಕ್ಕೆ ಜಾಗ ಸಿಕ್ಕಿತೆಂಬುದು ಸಣ್ಣ ಸಂಗತಿಯಲ್ಲ. 2020ರಲ್ಲಿ ರಾಷ್ಟ್ರಮಟ್ಟದ ಆಡಳಿತ ಮಂಡಳಿ ಹುಟ್ಟಿತು. 2021ರಲ್ಲಿ ಪಾಪುವಾದಲ್ಲಿ ನಡೆದ ಅವರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಇ–ಕ್ರೀಡೆಯನ್ನು ಮತ್ತೆ ಪ್ರದರ್ಶನವಾಗಿ ಆಡಿಸಿದರು. ಪಾಪುವಾ ಆ ದೇಶದ ಪೂರ್ವದ ತುತ್ತತುದಿ. 2022ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೇ ಬಾಲಿ ದ್ವೀಪಕ್ಕೆ ಬಂತು.

ಆದರೆ ಒಂದು ಪಂದ್ಯ ಆಡಿಸಿದ ಮಾತ್ರಕ್ಕೆ ಇದೆಲ್ಲ ಆಯಿತೆಂದು ನಾನು ನಂಬುವುದಿಲ್ಲ. ಈ ವಿದ್ಯೆಯಲ್ಲಿ ಎಲ್ಲರಿಗೂ ಹಿರಿಯಣ್ಣನಾದ ದಕ್ಷಿಣ ಕೊರಿಯಾದ ಚರಿತ್ರೆಯೂ ಅದನ್ನೇ ಹೇಳುತ್ತದೆ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಹಲವರು ಅಲ್ಲಿ ಕಂಪ್ಯೂಟರ್ ಆಟದ ಅಂಗಡಿ ತೆರೆದರು, ಅವಕ್ಕೆ 'ಪಿ.ಸಿ. ಬಾಂಗ್' ಎಂದು ಹೆಸರು. ಸರ್ಕಾರ ವೇಗದ ಇಂಟರ್ನೆಟ್ ಜಾಲ ಹಾಸಿತು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಆಟ ಹೊರಬಂತು. ಟಿ.ವಿ. ವಾಹಿನಿಗಳು ಪಂದ್ಯಗಳನ್ನು ತೋರಿಸಿದವು. ಅಷ್ಟಾದ ಮೇಲೆ 2000ದಲ್ಲಿ ಸಂಘಟನೆ ಕಟ್ಟಿದರು, ಅದೇ ವರ್ಷ ವಿದೇಶೀಯರನ್ನು ಕರೆಸಿ ಯೋಂಗಿನ್ ಎಂಬಲ್ಲಿ ಪ್ರಾಯೋಗಿಕ ಕೂಟ ನಡೆಸಿದರು. ನೆಲ ಹದವಾಗಿತ್ತು, ಬೀಜ ಬಿತ್ತು. ನಮ್ಮಲ್ಲಿ ಕೆಲವರು ಮೊದಲು ವೇದಿಕೆ, ದೀಪ, ಅತಿಥಿ, ಬಹುಮಾನದ ದೊಡ್ಡ ಚೆಕ್ಕು ಸಿದ್ಧಮಾಡಿಕೊಂಡು ಆಮೇಲೆ ಆಟಗಾರರನ್ನು ಹುಡುಕುತ್ತಾರೆ. ಅದು ಉತ್ಸವವಾದೀತು, ಊರಿನ ಹುಡುಗರಿಗೆ ಅಭ್ಯಾಸದ ಜಾಗ ಸಿಕ್ಕಂತಾಗಲಿಲ್ಲ.

ಅಂಗಳ ಯಾರದು?

ಜಕಾರ್ತಾದ ಪ್ರದರ್ಶನ ಫಲಿಸಿತು. ಮುಂದಿನ ಏಷ್ಯನ್ ಕೂಟ ಚೀನಾದ ಹಾಂಗ್‌ಝೌ ನಗರದಲ್ಲಿ. ಅಲ್ಲಿ ಇ–ಕ್ರೀಡೆಗೆ ಪೂರ್ಣ ಪದಕದ ಸ್ಥಾನ. ಮೊದಲು ಪ್ರಕಟವಾದ ಪಟ್ಟಿಯಲ್ಲಿ ಎಂಟು ಆಟಗಳಿದ್ದವು, ಹಾರ್ತ್‌ಸ್ಟೋನ್ ಕೂಡ. ಭಾರತ ತನ್ನ ಆಟಗಾರರನ್ನೂ ಆರಿಸಿತು. ಭುಜ್‌ನ ಕಂಚು ಈ ಸಲ ಪಟ್ಟಿಗೆ ಏರುವ ಪದಕವಾಗಬಹುದೆಂದು ಆಟ ಬಲ್ಲವರು ಕಾದರು.

ಕೂಟ ನಡೆಯಬೇಕಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಕೋವಿಡ್ ಕಾರಣ ಅದನ್ನು ಒಂದು ವರ್ಷ ಮುಂದೂಡಿದರು. ಈ ನಡುವೆ ಆಟದ ಒಡೆಯನಾದ ಅಮೆರಿಕದ ಬ್ಲಿಝಾರ್ಡ್ ಕಂಪನಿಗೂ ಚೀನಾದಲ್ಲಿ ಅದನ್ನು ನಡೆಸುತ್ತಿದ್ದ ನೆಟ್‌ಈಸ್ ಕಂಪನಿಗೂ ಒಪ್ಪಂದ ನವೀಕರಿಸುವ ವಿಷಯದಲ್ಲಿ ಹೊಂದಾಣಿಕೆಯಾಗಲಿಲ್ಲ. 2023ರ ಜನವರಿ 23ರಂದು ಒಪ್ಪಂದ ಮುಗಿಯಿತು, ಚೀನಾದಲ್ಲಿ ಹಾರ್ತ್‌ಸ್ಟೋನಿನ ಸರ್ವರುಗಳು ಆರಿದವು. ಆಟವೇ ಇಲ್ಲದ ದೇಶದಲ್ಲಿ ಅದರ ಪಂದ್ಯ ಹೇಗೆ? ಕೂಟದ ಪಟ್ಟಿಯಿಂದ ಹಾರ್ತ್‌ಸ್ಟೋನನ್ನು ತೆಗೆದುಹಾಕಿದರು. ಎಂಟಿದ್ದದ್ದು ಏಳಾಯಿತು. ಆಯ್ಕೆಯಾಗಿದ್ದ ನಮ್ಮ ಆಟಗಾರರು ಒಂದು ಎಲೆಯನ್ನೂ ಬೀಸದೆ ಮನೆಯಲ್ಲುಳಿದರು. ಅವರು ಸೋಲಲಿಲ್ಲ, ತಪ್ಪು ಮಾಡಲಿಲ್ಲ, ಗಾಯಗೊಳ್ಳಲಿಲ್ಲ. ಎರಡು ಕಂಪನಿಗಳ ಲೆಕ್ಕಪತ್ರ ಕೂಡಿಬರಲಿಲ್ಲ, ಅಷ್ಟೆ.

ಕಬಡ್ಡಿಗೂ ಇ–ಕ್ರೀಡೆಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆಯೆಂದು ನನಗನ್ನಿಸುತ್ತದೆ; ಬೆವರು ಹರಿಯುತ್ತದೋ ಇಲ್ಲವೋ ಎಂಬುದರಲ್ಲಲ್ಲ. ಕಬಡ್ಡಿ ಯಾರಪ್ಪನ ಸ್ವತ್ತೂ ಅಲ್ಲ. ಒಂದಿಷ್ಟು ಮಣ್ಣು, ಸುಣ್ಣದ ನಾಲ್ಕು ಗೆರೆ ಸಾಕು. ವಿಡಿಯೊ ಆಟಕ್ಕೆ ಮಾತ್ರ ಒಡೆಯನಿದ್ದಾನೆ. ಅವನು ನಿಯಮ ಬದಲಿಸಿದರೆ ಹತ್ತು ವರ್ಷದ ಅಭ್ಯಾಸ ಹೊಸದಾಗಬೇಕು. ಬಾಗಿಲು ಹಾಕಿದರೆ ಅಂಗಳವೇ ಇಲ್ಲ. ನಮ್ಮ ಹುಡುಗರಿಗೆ ಇದರ ಬಿಸಿ ಬೇರೆ ರೀತಿಯಲ್ಲಿ ತಟ್ಟಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು, 2022ರ ಜುಲೈಯಲ್ಲಿ ಅಂಗಡಿಯಿಂದ ಮತ್ತೆ ಮಾಯವಾಯಿತು, 2023ರಲ್ಲಿ ಮರಳಿತು. ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುವ ಮಗ ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಹಾಂಗ್‌ಝೌದಲ್ಲಿ ಉಳಿದ ಏಳು ಆಟಗಳೇನೋ 2023ರ ಸೆಪ್ಟೆಂಬರ್ ಕೊನೆಗೆ ಭರ್ಜರಿಯಾಗಿ ನಡೆದವು. ಟಿಕೆಟಿಗೆ ಎಷ್ಟು ನೂಕುನುಗ್ಗಲೆಂದರೆ ಚೀಟಿ ಎತ್ತಿ ಹಂಚಬೇಕಾಯಿತು. ನಮಗೆ ಪದಕ ಬರಲಿಲ್ಲ. ಲೀಗ್ ಆಫ್ ಲೆಜೆಂಡ್ಸ್ ತಂಡ ಕ್ವಾರ್ಟರ್ ಫೈನಲ್ ತಲುಪಿ ವಿಯೆಟ್ನಾಮಿಗೆ ಸೋತಿತು. ಅದೇ ಆಟದಲ್ಲಿ ಚಿನ್ನ ಗೆದ್ದ ಕೊರಿಯಾದ ಹುಡುಗರಿಗೆ ಕಡ್ಡಾಯ ಸೇನಾಸೇವೆಯಿಂದ ವಿನಾಯಿತಿ ಸಿಕ್ಕಿತು. ಅಲ್ಲಿನ ಯುವಕರ ಪಾಲಿಗೆ ಇದು ಯಾವ ಬಹುಮಾನದ ಹಣಕ್ಕಿಂತಲೂ ದೊಡ್ಡದು. ಡೋಟಾ 2 ಎಂಬ ಆಟದಲ್ಲಿ ಬೆಳ್ಳಿ ಗೆದ್ದದ್ದು ಮಂಗೋಲಿಯಾ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ದೇಶ. ಸ್ಟ್ರೀಟ್ ಫೈಟರ್ ಚಿನ್ನ ಕೊರಿಯಾದ ಕಿಮ್ ಗ್ವಾನ್–ವೂ ಪಾಲಾಯಿತು. ಆತನ ವಯಸ್ಸು ಆಗ 44. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಂಬಲಿಲ್ಲ. ನಾನು ಮಾತ್ರ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಪಬ್‌ಜಿ ಜಾತಿಯ ಆಟವೂ ಅಲ್ಲಿತ್ತು, ಆದರೆ ಒಬ್ಬರನ್ನೊಬ್ಬರು ಸುಡುವಂತಿರಲಿಲ್ಲ. ಕೂಟಕ್ಕಾಗಿಯೇ ಬದಲಿಸಿದ ಆವೃತ್ತಿಯಲ್ಲಿ ಗುರಿಹಲಗೆಗಳಿಗೆ ಗುಂಡು ಹೊಡೆಯಬೇಕಿತ್ತು. ಕೊಲ್ಲುವ ಆಟಗಳಿಗೆ ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲವೆಂದು ಆಗಿನ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಥಾಮಸ್ ಬಾಕ್ 2018ರಲ್ಲೇ ಹೇಳಿದ್ದರು.

ಎಷ್ಟು ಹೊತ್ತು ಆಡಬೇಕು?

ಆ ತಾಯಿಗೆ ಹೇಳಬೇಕಿದ್ದ ಅತಿಮುಖ್ಯ ಮಾತು ಇನ್ನೂ ಉಳಿದಿದೆ. ಹಾಂಗ್‌ಝೌ ಕೂಟವನ್ನು ಏರ್ಪಡಿಸಿ ಇ–ಕ್ರೀಡೆಯಲ್ಲಿ ಅತಿ ಹೆಚ್ಚು ಚಿನ್ನ ಗೆದ್ದ ಚೀನಾವೇ ತನ್ನ ಮಕ್ಕಳಿಗೆ ಆಟದ ಹೊತ್ತನ್ನು ಬಿಗಿಯಾಗಿ ಕಟ್ಟಿದೆ. 2021ರ ಆಗಸ್ಟಿನಲ್ಲಿ ಹೊರಡಿಸಿದ ನಿಯಮದಂತೆ 18 ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9, ಒಂದೇ ಗಂಟೆ, ಆನ್‌ಲೈನ್ ಆಟ ಆಡಬಹುದು. ಕೊರಿಯಾ 2011ರಲ್ಲಿ 16ರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆಟ ನಿಲ್ಲಿಸುವ ಕಾನೂನು ತಂದಿತ್ತು. ಹತ್ತು ವರ್ಷ ನಡೆಸಿ, ನಿರ್ಧಾರವನ್ನು ಮನೆಗಳಿಗೇ ಬಿಡುವುದು ಲೇಸೆಂದು ಅದನ್ನು ಕೈಬಿಟ್ಟಿತು. ಯಾವುದು ಸರಿ? ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಮನೆಯಲ್ಲಿ ನಿರ್ಧಾರ ಮಾಡುವವರು ಇರಬೇಕಲ್ಲ!

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಆಟದ ಗೀಳೂ ಸೇರಿದೆ. ಎಷ್ಟು ಗಂಟೆ ಆಡಿದರೆ ಗೀಳು ಎಂದು ಅಲ್ಲಿ ಹೇಳಿಲ್ಲವೆಂಬುದನ್ನು ಗಮನಿಸಿ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದು, ಗೆಳೆಯರೆಲ್ಲರಿಗಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆಯೆಂದು ಗೊತ್ತಿದ್ದೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಕಂಡರೆ ಅದು ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದುಡ್ಡಿನ ಆಟದ ವಿಷಯ ಪೂರಾ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಪಣವಿಟ್ಟು ಆಡುವ ಆನ್‌ಲೈನ್ ಆಟವನ್ನು ನಿಷೇಧಿಸಿ, ಇ–ಕ್ರೀಡೆಯನ್ನು ಸಕ್ರಮ ಕ್ರೀಡೆಯೆಂದು ಬೇರ್ಪಡಿಸಿತು. ಪ್ರವೇಶ ಶುಲ್ಕ ಕೊಟ್ಟು ಸ್ಪರ್ಧಿಸಿ ಬಹುಮಾನ ಗೆಲ್ಲುವುದು ಒಂದು. ಸೋಲುಗೆಲುವಿನ ಮೇಲೆ ಹಣ ಕಟ್ಟುವುದು ಇನ್ನೊಂದು. ಮಗ ಯಾವುದರಲ್ಲಿದ್ದಾನೆಂದು ತಿಳಿಯಲು ಅವನ ಆಟ ನಿಮಗೆ ಅರ್ಥವಾಗಬೇಕಿಲ್ಲ. ಹಣ ಎತ್ತ ಹೋಗುತ್ತಿದೆಯೆಂದು ನೋಡಿದರೆ ಸಾಕು.

ಇನ್ನು ಹಾರ್ತ್‌ಸ್ಟೋನ್. 2024ರ ಏಪ್ರಿಲ್‌ನಲ್ಲಿ ಆ ಎರಡೂ ಕಂಪನಿಗಳು ರಾಜಿಯಾದವು. ಅದೇ ಸೆಪ್ಟೆಂಬರಿನಲ್ಲಿ ಆಟ ಚೀನಾಕ್ಕೆ ಮರಳಿತು. ಹಾಂಗ್‌ಝೌ ಕೂಟ ಮುಗಿದು ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು.